ಹೆಪ್ಪು ಮತ್ತು ನಂಟುಗನ್ನಡಿ

ನೀಲಾಂಬಿಕೆ ಎರಡನೆಯ ರೊಟ್ಟಿಯನ್ನು ಬಡಿದು ಹಂಚಿನ ಮೇಲೆ ಹಾಕಿ, ನೀರು ಸವರಲು ಬಟ್ಟೆ ಅದ್ದಿದ್ದಳಷ್ಟೆ. ಪಡಸಾಲೆಯಿಂದ ಮಗಳು ಕೂಗಿದಳು.

“ಅವ್ವಾ, ಲಗೂ ಬಾ! ಕನ್ನಡಿ ನೀಲಿ ಆತು!”

“ರೊಟ್ಟಿ ಹಂಚಿನ ಮ್ಯಾಲೈತಿ. ನಿನ್ನ ಕನ್ನಡಿ ಎಲ್ಲಿಗೂ ಓಡಿ ಹೋಗೂದಿಲ್ಲ, ಇದು ಕರಕಾಗತೈತಿ.”

ಅಂದಳೇ ಹೊರತು ಅವಳ ಕಾಲು ಆಗಲೇ ಪಡಸಾಲೆಯಲ್ಲಿತ್ತು. ಏಳು ವರ್ಷದ ದಾನಮ್ಮ ಊಟದ ತಟ್ಟೆಯಷ್ಟಗಲದ ಗಾಜಿನ ಮುಂದೆ ನಿಂತಿದ್ದಳು. “ಮಧು, ಮೆಸಿ” ಎಂದು ಅವಳು ಮತ್ತೊಮ್ಮೆ ಹೇಳಿದಾಗ ಗಾಜಿನೊಳಗಿನ ಭೂಪಟದಲ್ಲಿ ನೀಲಿ ಎಳೆಯೊಂದು ಕರ್ನಾಟಕದಿಂದ ಹೊರಟು, ಹಿಮಾಲಯ ದಾಟಿ, ನಡು ಏಷ್ಯಾದ ಹುಲ್ಲುಗಾವಲಲ್ಲಿ ಗಂಟಾಗಿ, ಅಲ್ಲಿಂದ ಫಿನ್ಲೆಂಡಿನ ಸರೋವರಗಳತ್ತ ಹರಿಯಿತು.

“ಮೌಶಿ ಊರಾಗ ಜೇನಿಗೆ ‘ಮೆಸಿ’ ಅಂತಾರಂತ. ನಮ್ಮ ಮಧು, ಅವರ ಮೆಸಿ, ಎರಡೂ ಒಂದ ಕಡೆಯಿಂದ ಎರವಲು ತಂದದ್ದು ಅಂತ ಮೌಶಿ ಹೇಳಿದ್ಲು.”

“ಮೌಶಿ ಹೇಳಿದ್ರ ಹಾಲೂ ಕರ್ರಗ ಆಗತೈತೇನ?” ಎಂದಳು ನೀಲಾಂಬಿಕೆ. ಅಷ್ಟರಲ್ಲಿ ಒಳಗಿನಿಂದ ಸುಟ್ಟ ವಾಸನೆ ಬಂತು. ರೊಟ್ಟಿಯಂತೂ ಕರ್ರಗಾಗಿತ್ತು.

ಮೌಶಿ ಎಂದರೆ ಹೆಲ್ವಿ, ಮಗಳ ಪಾಲಿನ ಚಿಕ್ಕಮ್ಮ. ಧಾರವಾಡದ ಭಾಷಾ ಪ್ರಯೋಗಾಲಯಕ್ಕೆ ಬಂದ ಫಿನ್ಲೆಂಡಿನ ವಿಜ್ಞಾನಿ. ಆರು ವರ್ಷದಿಂದ ಇವರ ಹಿತ್ತಲ ಮನೆಯ ಬಾಡಿಗೆದಾರಳು. ನಂಟುಗನ್ನಡಿ ಅವಳ ಸೃಷ್ಟಿ. ಮಾತಿನ ಧ್ವನಿಗಳು ಕಾಲದೊಂದಿಗೆ ಬದಲಾಗುತ್ತವೆ, ಹಳಗನ್ನಡದ ‘ಪಾಲ್’ ಇಂದು ‘ಹಾಲು’ ಆದಂತೆ. ಬದಲಾವಣೆಗೆ ಮೊದಲೇ ಭಾಷೆಗೆ ಸೇರಿದ ಪದದ ಮೇಲೆ ಅದರ ಗುರುತು ಉಳಿಯುತ್ತದೆ, ತಡವಾಗಿ ಬಂದದ್ದರ ಮೇಲೆ ಉಳಿಯುವುದಿಲ್ಲ. ಸಾವಿರಾರು ಭಾಷೆಗಳ ಇಂಥ ಗುರುತುಗಳನ್ನು ಒಮ್ಮೆಗೇ ಹಿಡಿದು ಕನ್ನಡಿ ಹಿಂದಕ್ಕೆ ನಡೆಯುತ್ತಿತ್ತು. ಎರಡು ಪದಗಳನ್ನು ಒಟ್ಟಿಗೆ ಹೇಳಿದರೆ, ಒಂದೇ ತಾಯಿಭಾಷೆಯಲ್ಲಿ ಹುಟ್ಟಿದವಕ್ಕೆ ಕೆಂಪು ಎಳೆ, ಎರವಲಿಗೆ ನೀಲಿ ಎಳೆ, ಸಂಬಂಧವೇ ಇಲ್ಲದಿದ್ದರೆ ಖಾಲಿ ಗಾಜು. ಮಕ್ಕಳ ಉಚ್ಚಾರದಿಂದ ಅದು ಇನ್ನಷ್ಟು ಕಲಿಯುತ್ತದೆಂದು ಹೆಲ್ವಿ ಒಂದನ್ನು ಇವರ ಮನೆಯಲ್ಲೂ ಇಟ್ಟಿದ್ದಳು.

ಅದು ಬಂದಾಗಿನಿಂದ ದಾನಮ್ಮ ಶಾಲೆಯಿಂದ ನೇರ ಹಿತ್ತಲ ಮನೆಗೆ ಓಡುತ್ತಿದ್ದಳು. ಅಲ್ಲಿ ನೂಲಿನಂತೆ ಜಗ್ಗುವ ‘ವೀಲಿ’ ಎಂಬ ಮೊಸರನ್ನು ಚಪ್ಪರಿಸಿ ತಿಂದು, ಇಲ್ಲಿ ಚಮಚ ನೆಟ್ಟಗೆ ನಿಲ್ಲುವ ಅವ್ವನ ಮೊಸರನ್ನು ತಟ್ಟೆಯಲ್ಲಿ ಬಿಡುತ್ತಿದ್ದಳು. ಕೆಲವೊಮ್ಮೆ ಒಲೆಯ ಬಳಿ ಬಂದು ಬಾಯಿ ತೆರೆದು, ಏನೂ ಹೇಳದೆ ಮುಚ್ಚುವಳು. ‘ಮೌಶಿ ಮನೀಗೆ ಹೋಗಲೇನು ಅಂತ ಕೇಳಾಕ ಬಂದಾಳ’ ಎಂದುಕೊಂಡು ನೀಲಾಂಬಿಕೆ ಮೊದಲೇ “ಬ್ಯಾಡ” ಎಂದುಬಿಡುತ್ತಿದ್ದಳು. ಅವಳ ಹೊಟ್ಟೆಯಲ್ಲಿ ಹಗಲಿಡೀ ಒಂದು ಕೆಂಡ ಹೊಗೆಯಾಡುತ್ತಿತ್ತು. ಎಂಟು ತಿಂಗಳ ಕೂಸನ್ನು ದತ್ತು ತಂದು, ಯಾರಿಗೂ ಬಾಯಿ ಬಿಡದೆ ಬೆಳೆಸಿದವಳು ಅವಳು. ಹಡೆದವಳು ಎಂದಾದರೂ ಬಂದಾಳೆಂದು ಅಂಜಿದ್ದಳು. ಮೊಸರು ಹಿಡಿದುಕೊಂಡು ಬೇರೊಬ್ಬಳು ಬಂದಾಳೆಂದು ಎಣಿಸಿರಲಿಲ್ಲ.

ನಿನ್ನೆ ಸಂಜೆ ಹೆಲ್ವಿ ಹೆಪ್ಪು ಕೇಳಿದಾಗ, “ದೀಪ ಹಚ್ಚಿದ ಮ್ಯಾಲೆ ಹೆಪ್ಪು ಹೊರಗ ಕೊಡಬಾರದು” ಎಂದು ಕಳಿಸಿದ್ದಳು. ಅದು ಹೌದು, ಹಿರಿಯರ ರೂಢಿಯೇ. ಆದರೆ ಆಗಿನ್ನೂ ದೀಪ ಹಚ್ಚಿರಲಿಲ್ಲ. ಹೆಲ್ವಿ ಅಂಗಳದಲ್ಲಿ ಕಾಣುತ್ತಲೇ ಬೇಗನೆ ಹಚ್ಚಿದ್ದಳು.

ಈಗ ಸುಟ್ಟ ರೊಟ್ಟಿ ತೆಗೆದು ಮತ್ತೊಂದನ್ನು ಹಾಕುವಷ್ಟರಲ್ಲಿ, ಅಡುಗೆಮನೆ ಬಾಗಿಲಲ್ಲಿ ಮತ್ತದೇ ಬಟ್ಟಲು ಹಿಡಿದ ಹೆಲ್ವಿ.

“ನೀಲಕ್ಕಾ, ಈಗ ಬೆಳಕ ಹರಿದೈತಿ. ಹೆಪ್ಪು ಕೊಡ್ತೀರೇನ್ರಿ? ನನ್ನ ವೀಲಿ ಕೆಟ್ಟು ಹೋತು, ಇನ್ನ ನಿಮ್ಮಂಗ ಮೊಸರ ಮಾಡತೇನಿ.”

“ಇಲ್ರೀ, ಮುಗದೈತಿ.”

“ಐತಲ್ಲವ್ವಾ, ಗಡಿಗಿ ತುಂಬ!” ಎಂದಳು ದಾನಮ್ಮ.

ನೀಲಾಂಬಿಕೆಯ ಮುಖ ಹಂಚಿಗಿಂತ ಬಿಸಿಯಾಯಿತು. ಮಾತು ಮರೆಸಲು, “ಕಣ್ಣ್ಯಾಕ ಕೆಂಪಗಾಗ್ಯಾವು?” ಎಂದಳು.

“ರಾತ್ರಿಯೆಲ್ಲಾ ಕುಂತ್ರೂ ನನ್ನ ಕನ್ನಡಿ ನನ್ನನ್ನ ಸೋಲಿಸ್ತು,” ಎಂದು ಹೆಲ್ವಿ ಹೊಸ್ತಿಲ ಬಳಿ ಕುಳಿತಳು. “ಸಂಸ್ಕೃತದಾಗ ‘ನಾಮ’, ನಮ್ಮಲ್ಲಿ ‘ನಿಮಿ’. ಎರಡೂ ಹೆಸರು ಅಂತನ. ನಮ್ಮ ಯುರಾಲಿಕ್ ಭಾಷಾಗೋಳು, ಆ ಕಡೆ ಇಂಡೋ-ಯುರೋಪಿಯನ್ ಭಾಷಾಗೋಳು. ಎರಡೂ ಒಂದ ತಾಯಿ ಮಕ್ಕಳೋ, ಇಲ್ಲಾ ಬಾಜೂ ಮನಿಯವರು ಪದ ಕೊಟ್ಟು ತಗೊಂಡಾರೋ? ಭಾಳ ವರ್ಷದ ಜಗಳ. ಅದನ್ನ ಬಗೀಹರಸಾಕಂತ ಕನ್ನಡಿ ಮಾಡಿದೆ.”

“ಏನಂತು?”

“ಕೆಂಪೂ ಅಲ್ಲ, ನೀಲೀನೂ ಅಲ್ಲ. ಎರಡೂ ಕಲೆತು ನೇರಳಿ. ಸಾವಿರಾರು ವರ್ಷ ಒಂದ ಮನ್ಯಾಗ ಉಂಡು ಬೆಳೆದ್ರ, ಹುಟ್ಟಿದ್ದೋ ತಂದದ್ದೋ ಯಂತ್ರಕ್ಕೂ ತಿಳಿಯಂಗಿಲ್ಲಂತ.”

ಹೆಲ್ವಿಯೂ ಸೋತಳೆಂದು ನೀಲಾಂಬಿಕೆಗೆ ಒಳಗೊಳಗೇ ಸಮಾಧಾನವಾಯಿತು. ಅದು ನಾಚಿಕೆಗೇಡಿನ ಸಮಾಧಾನವೆಂದೂ ಅವಳಿಗೆ ಗೊತ್ತಾಯಿತು. ಮಗಳು ಬಟ್ಟಲು ತೊಳೆಯಲು ನಲ್ಲಿಗೆ ಹೋದಾಗ ಹೆಲ್ವಿ ದನಿ ತಗ್ಗಿಸಿದಳು.

“ನೀಲಕ್ಕಾ, ನಿಮಗ ನನ್ನ ಮ್ಯಾಲೆ ಸಿಟ್ಟೈತಿ, ಗೊತ್ತೈತಿ. ಆದರ ಆಕಿ ಬರೂದು ನನ್ನ ಸಲುವಾಗಿ ಅಲ್ಲ. ನನ್ನ ಮನ್ಯಾಗಿಂದು ದೊಡ್ಡ ಕನ್ನಡಿ. ದಿನಾ ಅದರ ಮುಂದ ನಿಂತು ನಿಮ್ಮ ಹೆಸರು, ತನ್ನ ಹೆಸರು ಕೂಡೇ ಹೇಳತಾಳ. ಗಾಜು ಖಾಲಿ ಇರತೈತಿ. ಮತ್ತ ಹೇಳತಾಳ. ಅದು ಪದದ ನಂಟು ತೋರಸತೈತಿ, ಮಂದೀದಲ್ಲ ಅಂತ ನಾ ಎಷ್ಟು ಹೇಳಿದ್ರೂ ಕೇಳವಲ್ಲಳು. ಶಾಲ್ಯಾಗ ಯಾರೋ ಏನೋ ಅಂದಾರಂತ.”

ಒಳಗಿನ ಕೆಂಡ ತಣ್ಣಗಾಯಿತು. ಅದರ ಜಾಗದಲ್ಲಿ ಬೇರೇನೋ ಕಣ್ಣವರೆಗೆ ಏರಿತು. ನೀಲಾಂಬಿಕೆ ಎದ್ದು ಗಡಿಗೆ ಇಳಿಸಿದಳು. ಮಗು ತಂದ ಬಟ್ಟಲಿಗೆ ಗಟ್ಟಿ ಮೊಸರನ್ನು ಕೈತುಂಬ ಹಾಕಿದಳು.

“ಇಷ್ಟ್ಯಾಕ್ರೀ! ಚೂರ ಸಾಕು,” ಎಂದಳು ಹೆಲ್ವಿ.

“ತಗೋರಿ. ಇದೂ ಕೇಳಿ ತಂದದ್ದ.”

ದಾನಮ್ಮ ತಲೆಯೆತ್ತಿದಳು. “ಈ ಹೆಪ್ಪು ನಮ್ಮದಲ್ಲೇನವ್ವಾ?”

“ನಮ್ಮದ, ಕೂಸ. ನೀ ಸಣ್ಣಾಕಿ ಇದ್ದಾಗ ಮೂಲೀಮನಿ ಗುರುಬಸವ್ವ ಒಂದು ಚಮಚ ಕೊಟ್ಟಿದ್ಲು. ಅವತ್ತಿಂದ ಒಂದು ದಿನಾನೂ ತಪ್ಪಿಸಿಲ್ಲ. ದಿನಾ ನಮ್ಮ ಹಾಲು ಕುಡದು ಬೆಳದೈತಿ. ಈಗ ಗುರುಬಸವ್ವನ ಬಂದ್ರೂ ತನ್ನದು ಅನ್ನಾಕ ಆಗೂದಿಲ್ಲ.”

ಆ ಚಮಚ ಹೆಪ್ಪು ಮನೆಗೆ ಬಂದದ್ದು ಕೂಸು ಬಂದ ದಿನವೇ ಎಂಬುದನ್ನು ಅವಳು ಹೇಳಲಿಲ್ಲ.

ದಾನಮ್ಮ ಗಡಿಗೆಯನ್ನೊಮ್ಮೆ, ಅವ್ವನನ್ನೊಮ್ಮೆ ನೋಡಿದಳು. ಬಾಯಿ ತೆರೆದಳು, ಎಂದಿನಂತೆ ಮುಚ್ಚಿದಳು. ಹಂಚಿನ ಮೇಲೆ ಮತ್ತೊಂದು ರೊಟ್ಟಿ ಕರಕಾಗುತ್ತಿತ್ತು. ನೀಲಾಂಬಿಕೆ ಅದರತ್ತ ತಿರುಗಲಿಲ್ಲ. ಮೊಸರಿನ ಕೈಯಲ್ಲೇ ಮಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತಳು.

“ಕೇಳು, ನನ್ನವ್ವಾ. ಬ್ಯಾಡ ಅನ್ನೂದಿಲ್ಲ.”

“ಹಂಗಾರ ಅವ್ವಾ,” ಎಂದಳು ದಾನಮ್ಮ, “ನನ್ನ ಯಾರು ಕೊಟ್ರು?”