ಬಲಗಡೆಯ ನಿಟ್ಟುಸಿರು

ನನ್ನ ಬಲಗಿವಿಗೆ ಹುಟ್ಟಿನಿಂದಲೂ ಏನೂ ಕೇಳಿಸಲ್ಲ. ಒಂದೇ ಕಿವಿ ಇದ್ದವರಿಗೆ ಸದ್ದು ಕೇಳಿಸುತ್ತೆ, ಎತ್ತಲಿಂದ ಬಂತು ಅನ್ನೋದು ಮಾತ್ರ ತಿಳಿಯಲ್ಲ. ಅದಕ್ಕೆ ಮಿದುಳಿಗೆ ಎರಡೂ ಕಿವಿ ಬೇಕಂತೆ. ಹಾಗಾಗಿ ಯಾರು ಕರೆದರೂ ನಾನು ತಪ್ಪು ದಿಕ್ಕಿಗೇ ತಿರುಗೋದು. "ನಮ್ಮಕ್ಕ ಗೋಡೆಗೂ ಓಗೊಡ್ತಾಳೆ" ಅಂತ ತಂಗಿ ಇಡೀ ಟೈಲರ್ ಅಂಗಡಿಯನ್ನೇ ನಗಿಸುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಂಗಡಿ ಹೊಸ ಕಟ್ಟಡಕ್ಕೆ ಬಂದ ಮೇಲೆ ನನ್ನ ಮಷೀನಿನ ಬಲಕ್ಕೆ ಗೋಡೆ, ಎಡಕ್ಕೆ ತಂಗಿಯ ಮಷೀನು. ಒಂದು ಮಧ್ಯಾಹ್ನ ರವಿಕೆಗೆ ತೋಳು ಜೋಡಿಸಿ ದಾರ ಕತ್ತರಿಸಿದೆ. ಯಾರೋ ನಿಟ್ಟುಸಿರು ಬಿಟ್ಟರು. ಥಟ್ಟನೆ ಬಲಕ್ಕೆ ತಿರುಗಿದೆ. ಹುಡುಕಬೇಕಾಗಲೇ ಇಲ್ಲ, ಸದ್ದು ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಜನ್ಮದಲ್ಲೇ ಮೊದಲ ಸಲ.

ಅಲ್ಲಿದ್ದದ್ದು ಬರಿ ಗೋಡೆ.

ಮತ್ತೆ ದಾರ ಕತ್ತರಿಸಿದೆ, ಮತ್ತೆ ಅದೇ ನಿಟ್ಟುಸಿರು. ಎಡಗಿವಿಗೆ ಬೆರಳು ಒತ್ತಿಕೊಂಡೆ. ಮಷೀನುಗಳು, ಫ್ಯಾನು, ತಂಗಿಯ ಹರಟೆ ಎಲ್ಲ ಅಡಗಿದವು. ಉಸಿರು ಅಡಗಲಿಲ್ಲ.

ದಿನಾ ಹೀಗೇ ಆಗಿ ನನ್ನ ಹೊಲಿಗೆ ಡೊಂಕಾಗತೊಡಗಿತು. ಕೊನೆಗೆ ತಂಗಿಯನ್ನು ಕೇಳಿದೆ: "ಜಾಗ ಬದಲಾಯಿಸ್ಕೊಳ್ಳೋಣ್ವೇನೇ?" ಕಾರಣ ಹೇಳಲಿಲ್ಲ, ಹೇಳಿದ್ದರೆ ಮತ್ತೆ ಅದೇ ಗೋಡೆಯ ತಮಾಷೆ. ಪಾಪ, ಒಪ್ಪಿಕೊಂಡು ಗೋಡೆ ಪಕ್ಕ ಹೋಗಿ ಕೂತಳು. ಈಗ ನನ್ನ ಬಲಕ್ಕೆ ಅವಳೇ ಇದ್ದಳು.

ನಾನು ಮೊದಲ ದಾರ ಕತ್ತರಿಸಿದೆ. ತಂಗಿ ತಲೆ ಎತ್ತದೆಯೇ ಎಡಗಿವಿ ಉಜ್ಜಿಕೊಂಡಳು.

"ಅಕ್ಕಾ, ಏನಾದ್ರೂ ಹೇಳೋದಿದ್ರೆ ಹೇಳು. ಇಷ್ಟು ಹತ್ತಿರ ಬಂದು ಸುಮ್ನೆ ಉಸಿರು ಬಿಡಬೇಡ. ಕಿವಿಯೆಲ್ಲ ತಣ್ಣಗಾಯ್ತು."

ನಾನು ಕೂತಲ್ಲಿಂದ ಕದಲಿರಲಿಲ್ಲ. ನಮ್ಮಿಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು.