ಮುಟ್ಟುವ ಮುನ್ನ

ನನ್ನ ಕೈ ಹಿಡಿಯಬೇಕಾದರೆ ವಿಶ್ರುತ್ ಮೊದಲು ಕೇಳುತ್ತಾನೆ. ಬನ್ನಿಮಂಟಪದ ಮೈದಾನದ ಪಕ್ಕ ನಡೆಯುವಾಗ ಅವನ ಬೆರಳು ನನ್ನ ಬೆರಳಿನ ಹತ್ತಿರ ಬಂದು ನಿಲ್ಲುತ್ತದೆ. ಕಿವಿ ಕೆಂಪಾಗುತ್ತದೆ.

"ಮಧು, ಹಿಡ್ಕೊಳ್ಲಾ?"

"ಏನನ್ನ?"

"ಕೈನ ಕಣೇ."

"ಅರ್ಜಿ ಕೊಡಿ ಸರ್, ನೋಡೋಣ."

ನಗುತ್ತಾನೆ. ಆದರೂ ನಾನು ಹೂಂ ಅನ್ನುವವರೆಗೆ ಮುಟ್ಟುವುದಿಲ್ಲ. ನಾನು ಅವನನ್ನು ಮೆಚ್ಚಿದ್ದೇ ಅದಕ್ಕೆ. ಅವನಿಗೆ ಹೇಳಿರಲಿಲ್ಲ, ಅಷ್ಟೆ.

ವಾರ್ಡಿನಲ್ಲಿ ಅವನು ಬೇರೆ. ಅವನು ಮೆಡಿಸಿನ್ ವಿಭಾಗದ ಕೊನೆಯ ವರ್ಷದ ಪಿ.ಜಿ. ವಿದ್ಯಾರ್ಥಿ, ನಾನು ಅದೇ ಯೂನಿಟ್ಟಿನ ಹೌಸ್ ಸರ್ಜನ್. ಅಲ್ಲಿ ನಿಜವಾಗಿಯೂ ಸರ್ ಅನ್ನಬೇಕು.

ಹಿನಕಲ್‌ನ ಪುಟ್ಟಬಸಮ್ಮ ನಮ್ಮ ವಾರ್ಡಿನಲ್ಲಿದ್ದರು. ಅವರ ಗುಲ್ಮ, ಅಂದರೆ ಸ್ಪ್ಲೀನ್, ಊದಿಕೊಂಡು, ಎಡಹೊಟ್ಟೆಯಲ್ಲಿ ಕೈಗೆ ಸಿಗುವಷ್ಟು ದೊಡ್ಡದಾಗಿತ್ತು. ವಿದ್ಯಾರ್ಥಿಗಳಿಗೆ ಅಂಥದ್ದು ಸಿಗುವುದು ಅಪರೂಪ. ತಂಡ ತಂಡವಾಗಿ ಬಂದು ಒತ್ತಿ ನೋಡಿ ಹೋಗುತ್ತಿದ್ದರು. ವಿಶ್ರುತ್ ಸೆರಗು ಸರಿಸಿ, "ಇಲ್ಲಿ ಕೈ ಇಡಿ. ಅಮ್ಮ, ಉಸಿರು ಎಳ್ಕೊಳಿ," ಅನ್ನುತ್ತಿದ್ದ. ಅಡ್ಡ ಇಡುವ ಪರದೆ ಮಡಚಿಕೊಂಡು ಮೂಲೆಯಲ್ಲಿ ನಿಂತಿರುತ್ತಿತ್ತು.

ಶುಕ್ರವಾರವೇ ಅವರು ಮನೆಗೆ ಹೋಗಬಹುದಿತ್ತು. ಉಳಿದ ಮಾತ್ರೆ ಮನೆಯಲ್ಲಿ ನುಂಗಿದರೆ ಸಾಕು. ಭಾನುವಾರ ಮಗಳ ಸೀಮಂತ ಬೇರೆ. ವಿಶ್ರುತ್ ಮಾತ್ರ, "ರಕ್ತದ ರಿಪೋರ್ಟ್ ಬಂದಿಲ್ಲಮ್ಮ, ಮಂಗಳವಾರ ನೋಡೋಣ," ಅಂದ. ರಿಪೋರ್ಟ್ ಬಂದಿತ್ತು. ಸೋಮವಾರ ವಿದ್ಯಾರ್ಥಿಗಳ ಪ್ರಾಕ್ಟಿಕಲ್ ಪರೀಕ್ಷೆ ಇತ್ತು.

ಅವತ್ತು ಸಂಜೆ ಪುಟ್ಟಬಸಮ್ಮನ ಹತ್ತಿರ ಹೋದೆ, ಊಟ ಆಯಿತಾ ಅಂತ ಕೇಳೋಣವೆಂದು. ಅವರು ಮಗಳ ಜೊತೆ ಫೋನಿನಲ್ಲಿದ್ದರು. ನನ್ನ ಬಿಳಿ ಕೋಟು ಕಂಡದ್ದೇ, ಮಾತು ನಿಲ್ಲಿಸದೆ, ಸೆರಗು ಸರಿಸಿ ಹೊಟ್ಟೆ ಬಿಟ್ಟುಕೊಟ್ಟರು.

ನಾನು ಸೆರಗು ಎಳೆದು ಮುಚ್ಚಿದೆ. ಅದಕ್ಕೂ ಅವರನ್ನು ಕೇಳಲಿಲ್ಲ.

ಕಾರಿಡಾರಿನಲ್ಲಿ ವಿಶ್ರುತ್ ಸಿಕ್ಕಿದ.

"ಅವರನ್ನ ಮನೆಗೆ ಕಳಿಸು."

"ಸೋಮವಾರ ಏನು, ನನ್ನ ಹೊಟ್ಟೆ ತೋರಿಸ್ಲಾ? ಯೂನಿಟ್ ಚೀಫ್ ಸುಮ್ನೆ ಬಿಡ್ತಾರಾ? ನನ್ನ ಪರೀಕ್ಷೇನೂ ಅವರ ಕೈಲೇ ಇರೋದು."

"ಸುಳ್ಳು ಯಾಕೆ ಹೇಳ್ದೆ?"

"ಎಲ್ಲಾ ಪಿ.ಜಿ.ಗಳೂ ಹೇಳ್ತಾರೆ. ನೀನೂ ಯಾರದೋ ಹೊಟ್ಟೆ ಒತ್ತೀನೇ ಕಲ್ತಿದ್ದು ಮಧು."

ನಿಜ. ಅದಕ್ಕೇ ಸಿಟ್ಟು ಇನ್ನೂ ಏರಿತು.

"ಅವರು ಒಂದಿನಾನೂ ಬೇಡ ಅಂದಿಲ್ಲ," ಅಂದ.

"ನಾನೂ ಅಂದಿಲ್ವಲ್ಲ. ಮತ್ತೆ ನನ್ನ ಕೈ ಹಿಡಿಯೋಕೆ ಯಾಕೋ ಕೇಳ್ತೀಯ?"

ಅವನ ಕಿವಿ ಕೆಂಪಾಯಿತು. ನನಗೆ ಬಹಳ ಇಷ್ಟದ ಕಿವಿ. ಅವತ್ತು ಹಿಂಡಬೇಕೆನಿಸಿತು.

"ಅದು ಬೇರೆ ಮಧು."

"ಏನು ಬೇರೆ? ನಾನು ಡಾಕ್ಟರು, ಅವರು ಕೇಸು, ಅಷ್ಟೇ ತಾನೆ? ನಂಗೆ ತೋರಿಸಿದ್ದೆಲ್ಲ ಬರೀ ನಾಟಕಾನಾ?"

ಅವನು ವಾರ್ಡಿನ ಕಡೆ ತಿರುಗಿ ಹೋದ. ಆಮೇಲೆ ಅವನು ಫೋನ್ ಮಾಡಿದರೂ ನಾನು ಎತ್ತಲಿಲ್ಲ. ಎತ್ತಿದರೆ ಸಂಬಂಧ ಮುರಿಯುತ್ತೇನೆ ಅನ್ನಿಸಿತ್ತು.

ಶನಿವಾರ ಬೆಳಿಗ್ಗೆ ನಾನು ಪಕ್ಕದ ಮಂಚದಲ್ಲಿ ರಕ್ತ ತೆಗೆಯುತ್ತಿದ್ದೆ. ಪರದೆಯ ಗಾಲಿ ಕಿರುಗುಟ್ಟಿತು. ವಿಶ್ರುತ್ ಅದನ್ನು ಎಳೆದು ತಂದು ಪುಟ್ಟಬಸಮ್ಮನ ಮಂಚಕ್ಕೆ ಅಡ್ಡ ಇಟ್ಟು, ಸ್ಟೂಲಿನ ಮೇಲೆ ಕೂತ.

"ಅಮ್ಮ, ರಿಪೋರ್ಟ್ ನಿನ್ನೇನೇ ಬಂದಿತ್ತು. ಸುಳ್ಳು ಹೇಳ್ದೆ. ಇವತ್ತೇ ಮನೆಗೆ ಹೋಗಿ."

"ಅಂಗಾರೆ ಸುಮ್‌ಸುಮ್ನೆ ಮಡಿಕ್ಕೊಂಡಿದ್ರಾ?"

"ಹೂಂ. ಸೋಮವಾರದ ಪರೀಕ್ಷೆಗೆ. ಆಟೋ ಕಳಿಸ್ತೀನಿ, ಅವತ್ತು ಬರ್ತೀರಾ? ಬರದಿದ್ರೂ ನಿಮ್ಮ ಔಷಧಿಗೇನೂ ತೊಂದ್ರೆ ಆಗಲ್ಲ."

"ಬರಕ್ಕಿಲ್ಲ ಕಣಪ್ಪ. ಒತ್ತಿ ಒತ್ತಿ ಸಾಕ್ ಮಾಡ್ಬುಟ್ರಿ. ನಾನೇನು ಹಲಸಿನ ಹಣ್ಣಾ, ಬಂದೋರೆಲ್ಲ ಅದುಮಿ ನೋಡಕ್ಕೆ?"

ಪರದೆಯ ಆಚೆ ಸ್ಟೂಲು ಸರಿದ ಸದ್ದಾಯಿತು.

"ಸರಿ ಅಮ್ಮ," ಅಂದ.

ರೌಂಡ್ಸಿನಲ್ಲಿ ಚೀಫ್ ಖಾಲಿ ಮಂಚ ನೋಡಿ ವಿದ್ಯಾರ್ಥಿಗಳ ಎದುರೇ ಕೂಗಾಡಿದರು. "ದೊಡ್ಡ ಧರ್ಮರಾಯ ನೀನು! ನಿನ್ನ ಪರೀಕ್ಷೆ ಅದೆಂಗೆ ಪಾಸಾಗ್ತೀಯೋ ನೋಡ್ತೀನಿ." ವಿಶ್ರುತ್ ತಲೆ ತಗ್ಗಿಸಿ ನಿಂತಿದ್ದ. ಅವರು ಹಾಗೆ ಮಾಡಲಾರರೆಂದು ನಾನು ಧೈರ್ಯ ಹೇಳುವಂತಿರಲಿಲ್ಲ. ಮಾಡಬಲ್ಲರು.

ಸಂಜೆ ಮೈದಾನದ ಪಕ್ಕ ಅವನ ಬೆರಳು ನನ್ನ ಬೆರಳಿನ ಹತ್ತಿರ ಬಂದು ನಿಂತಿತು.

"ಮಧು, ಹಿಡ್ಕೊಳ್ಲಾ?"

ಸಿಟ್ಟು ಪೂರ್ತಿ ಇಳಿದಿರಲಿಲ್ಲ. ವಾರ್ಡಿನಲ್ಲಿ ಮೂರು ವರ್ಷ ಅವನು ಯಾರನ್ನೂ ಕೇಳಿರಲಿಲ್ಲ.

"ಇವತ್ತು ಬೇಡ."

ಅವನ ಕೈ ಪ್ಯಾಂಟಿನ ಜೇಬು ಸೇರಿತು. ಮುಖ ಊದಿಸಿಕೊಳ್ಳಲಿಲ್ಲ. ಹೆಜ್ಜೆ ಜೋರು ಮಾಡಲಿಲ್ಲ. ನನ್ನ ಪಕ್ಕದಲ್ಲೇ ನಡೆದ.

"ಇವತ್ತು ಯಾರನ್ನ ಕೇಳಿದ್ರೂ ಬೇಡ ಅಂತಾರೆ."

"ಕೇಳಿದ್ರೆ ಹಾಗೇ ಆಗೋದು."

ನಕ್ಕುಬಿಟ್ಟ. ನನಗೂ ನಗು ಬಂತು; ತಡೆಯಲಾಗಲಿಲ್ಲ.

"ನಿನ್ನ ಇಷ್ಟಪಟ್ಟಿದ್ದೇ ನೀನು ಕೇಳ್ತೀಯ ಅಂತ ಕಣೋ," ಅಂದೆ.

ಅವನು ನಿಂತ. ಕಿವಿ ಕೆಂಪಾಗಿತ್ತು. "ಈಗ?"

"ನಾಳೆ ಕೇಳು."