ಮೊದಲ ಕಮೆಂಟ್

ನಿತೀಶ್ ನಮ್ಮ ಬ್ಲಾಗಿಗೆ ಕಾಲಿಟ್ಟ ದಿನವೇ ಎಡವಟ್ಟು ಮಾಡಿದ. ಡ್ರಾಫ್ಟ್ ಆಗಿ ಇಟ್ಟುಕೊಳ್ಳಬೇಕಾದದ್ದನ್ನು ಪಬ್ಲಿಷ್ ಮಾಡಿ, ‘ಅಅಅಅ ಯಾರಾದ್ರೂ ಇದೀರಾ’ ಎಂಬ ಮಹಾಕೃತಿಯನ್ನು ಊರಿಗೆಲ್ಲ ಓದಿಸಿದ.

“ಇದೀನಿ,” ಎಂದೆ, ಅವನ ಬೆನ್ನ ಹಿಂದೆ ನಿಂತು. “ಮೊದ್ಲು ಅದನ್ನ ತೆಗೀರಿ.”

ತಿರುಗಿ ನೋಡಿದ. ನಾಚಿಕೊಳ್ಳಬೇಕಿತ್ತು, ನಕ್ಕುಬಿಟ್ಟ. ನಕ್ಕಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಮೊದಲೇ ಕಿರಿದಾಗುತ್ತಿತ್ತು. ಅದನ್ನು ನೋಡಬಾರದಿತ್ತು, ನೋಡಿದೆ.

ಅದು ಎರಡು ಸಾವಿರದ ಏಳು. ಬ್ಲಾಗಿನ ಹೆಸರು ‘ಮೂಡಣ’. ಹಲಸೂರಿನಿಂದ ಕೆ.ಆರ್. ಪುರದವರೆಗಿನವರು ಸೇರಿ ಕನ್ನಡದಲ್ಲಿ ಬರೆಯುತ್ತಿದ್ದೆವು. ಅಡ್ಮಿನ್ ನಾನೇ. ವಾರವೆಲ್ಲ ಶಿವಾಜಿನಗರದ ಡಿಟಿಪಿ ಅಂಗಡಿಯಲ್ಲಿ ಯಾರ್‍ಯಾರದೋ ಮಾತು ಟೈಪ್ ಮಾಡಿ, ಭಾನುವಾರ ಹಲಸೂರಿನ ಮುಕ್ತಾರ್ ಭಾಯ್ ಸೈಬರ್ ಸೆಂಟರಿನಲ್ಲಿ ಕೂತು ಹೊಸಬರಿಗೆ ಕಲಿಸುತ್ತಿದ್ದೆ.

ಮೂಡಣದಲ್ಲಿ ಒಂದು ಪದ್ಧತಿ ಇತ್ತು. ಹೊಸಬರು ಮೊದಲ ಪೋಸ್ಟಿನ ಕೊನೆಯಲ್ಲಿ ಕಲಿಸಿದವರ ಹೆಸರು ಬರೆದು ಥ್ಯಾಂಕ್ಸ್ ಹೇಳಬೇಕು. ಅದಕ್ಕೆ ಮೊದಲ ಕಮೆಂಟ್ ಹಾಕಿ ಸ್ವಾಗತಿಸುವುದು ಕಲಿಸಿದವರ ಹಕ್ಕು.

“ಸ್ಕ್ರೀನ್ ನೋಡಿ,” ಅನ್ನುತ್ತಿದ್ದೆ ನಿತೀಶನಿಗೆ.

“ನೋಡ್ತಿದೀನಲ್ಲ.”

“ಅದು ನನ್ನ ಮುಖ.”

“ಇದ್ರಲ್ಲೂ ಓದೋಕೆ ಬೇಕಾದಷ್ಟಿದೆ, ಮೇಡಂ.”

ಮುಕ್ತಾರ್ ಭಾಯ್ ಕೌಂಟರಿನಿಂದ ಕೆಮ್ಮುತ್ತಿದ್ದರು. ನಾನು ಕೀಬೋರ್ಡಿನ ಮೇಲೆ ಅವನ ಬೆರಳು ಸರಿಸಿ ಒತ್ತಕ್ಷರ ತೋರಿಸುತ್ತಿದ್ದೆ. ಗೊತ್ತಿರುವ ಒತ್ತಕ್ಷರವನ್ನೇ ಮತ್ತೆ ಮತ್ತೆ ಕೇಳುತ್ತಿದ್ದ ಕಳ್ಳ.

ಅವನ ಮೊದಲ ಪೋಸ್ಟಿನ ಕೊನೆಯಲ್ಲಿ ‘ಗೆಳತಿಯೊಬ್ಬರಿಗೆ ಥ್ಯಾಂಕ್ಸ್’ ಎಂದಷ್ಟೇ ಇತ್ತು.

“ನನ್ನ ಹೆಸರೆಲ್ಲಿ?”

“ಅದು ನನ್ನೊಬ್ಬನಿಗೇ ಇರ್ಲಿ. ಊರಿಗೆಲ್ಲ ಯಾಕೆ ಹಂಚ್ಬೇಕು?”

ಇಂಥ ಮಾತಿಗೆ ಯಾರು ಕರಗುವುದಿಲ್ಲ? ನಾನೂ ಕರಗಿದೆ.

ಮಾರತ್ತಹಳ್ಳಿಯಲ್ಲಿ ಅವನ ಅಪ್ಪ ಮುನಿಆಂಜನಪ್ಪನವರಿಗೆ ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲ, ಈಗ ಸಾಲು ಮಳಿಗೆ. ನಮ್ಮದು ಮರ್ಫಿ ಟೌನಿನಲ್ಲಿ ಎರಡು ಕೋಣೆಯ ಮನೆ, ಒಳಗೆ ಕಾಲಿಟ್ಟರೆ ಎದುರಿಗೇ ಬುದ್ಧ ಮತ್ತು ಬಾಬಾಸಾಹೇಬರ ಫೋಟೊ. ಒಂದು ಸಲ ಅವನನ್ನು ಮನೆಗೆ ಕರೆದುಕೊಂಡು ಹೋದೆ. ಅವನು ಫೋಟೊಗಳನ್ನು ನೋಡಿದ. ಅಮ್ಮ ತಟ್ಟೆ ತುಂಬ ಚಿತ್ರಾನ್ನ ತಂದಳು.

“ಇವತ್ತು ಉಪವಾಸ, ಅಮ್ಮ,” ಎಂದ ನಿತೀಶ್, ಬಹಳ ನಯವಾಗಿ.

ಅಲ್ಲಿಂದ ಹೊರಟ ಅರ್ಧ ಗಂಟೆಯಲ್ಲೇ ಇಂದಿರಾನಗರದ ಬೇಕರಿಯ ಮುಂದೆ ಬೈಕ್ ನಿಲ್ಲಿಸಿ ಮೊಟ್ಟೆ ಪಫ್ ತಿಂದ. ಅವನ ತುಟಿಗೆ ಅಂಟಿದ್ದ ಚೂರನ್ನು ನಾನೇ ಬೆರಳಿನಿಂದ ಒರೆಸಿದೆ. ಅಷ್ಟು ಹತ್ತಿರದಿಂದ ಅವನ ಉಸಿರು ತಾಕುತ್ತಿದ್ದಾಗ ಉಪವಾಸದ ಲೆಕ್ಕ ಕೇಳುವ ಧೈರ್ಯ ಬರಲಿಲ್ಲ.

ಆಮೇಲೆ ಅವನು ಭಾನುವಾರ ಬರುವುದು ಕಡಿಮೆಯಾಯಿತು. ಮನೆಯಲ್ಲಿ ಕೆಲಸ ಅನ್ನುತ್ತಿದ್ದ. ನಾನು ಅವನ ಕುರ್ಚಿಯ ಮೇಲೆ ನನ್ನ ವ್ಯಾನಿಟಿ ಬ್ಯಾಗ್ ಇಟ್ಟು ಕಾಯುತ್ತಿದ್ದೆ.

ಒಂದು ಭಾನುವಾರ ಆ ಕುರ್ಚಿಯ ಪಕ್ಕ ಒಬ್ಬಳು ಹುಡುಗಿ ಬಂದು ನಿಂತಳು. ಕೈತುಂಬ ಹೊಸ ಬಳೆ.

“ಹೇಮಶ್ರೀ ಅಕ್ಕ ನೀವೇನಾ? ನಾನು ಭವ್ಯ. ನಾನೂ ಬರೀಬೇಕು ಅಂತ ಆಸೆ. ನಿತೀಶ್ ನಿಮ್ಮ ಹೆಸ್ರೇ ಹೇಳಿದ್ರು, ಕೋಪ ಮಾಡ್ಕೊಳ್ದೇ ಹೇಳ್ಕೊಡ್ತಾರೆ ಅಂತ.”

“ನಿತೀಶ್ ನಿಮಗೆ ಏನಾಗ್ಬೇಕು?”

ಅವಳು ಬಳೆ ತಿರುಗಿಸುತ್ತ ನಕ್ಕಳು. “ಮುಂದಿನ ತಿಂಗಳು ಮದುವೆ ಅಕ್ಕ.”

ಆದರೂ ಬ್ಯಾಗ್ ತೆಗೆದು ಅವಳನ್ನು ಕೂರಿಸಿದೆ. ಒತ್ತಕ್ಷರ ಕಲಿಸಿದೆ. ಚುರುಕಾದ ಹುಡುಗಿ, ಒಮ್ಮೆ ಹೇಳಿದ್ದನ್ನು ಎರಡನೇ ಸಲ ಕೇಳಲಿಲ್ಲ. ಅಜ್ಜಿಯ ಹಸುಗಳ ಬಗ್ಗೆ ಮುದ್ದಾಗಿ ಬರೆದಳು. ಕೊನೆಯಲ್ಲಿ, ನಾನು ಪದ್ಧತಿ ಹೇಳುವ ಮೊದಲೇ, ‘ಪಕ್ಕದಲ್ಲಿ ಕೂತು ಕಲಿಸಿದ ಮರ್ಫಿ ಟೌನಿನ ಹೇಮಶ್ರೀ ಅಕ್ಕನಿಗೆ ಪ್ರೀತಿಯ ಥ್ಯಾಂಕ್ಸ್’ ಎಂದು ಟೈಪ್ ಮಾಡಿದಳು. ಅವನು ಬರೆಯದ ಹೆಸರನ್ನು ಅವಳು ಊರಿನ ಸಮೇತ ಬರೆದಿದ್ದಳು. ಮುಂದಿನ ವಾರ ಪಬ್ಲಿಷ್ ಮಾಡೋಣ ಎಂದು ಡ್ರಾಫ್ಟ್ ಆಗಿ ಉಳಿಸಿದೆ. ಅವಳ ಮೇಲೆ ಸಿಟ್ಟು ಬರಲಿ ಎಂದು ಎಷ್ಟು ಬೇಡಿಕೊಂಡರೂ ಬರಲಿಲ್ಲ.

ಮಾರನೆಯ ದಿನ ನಿತೀಶ್ ಅದೇ ಬೇಕರಿಗೆ ಕರೆದ.

“ಭವ್ಯ ಏನು ಬರೆದ್ಲು ಅಂತ ಹೇಳಿದ್ಲು. ಆ ಕೊನೇ ಸಾಲು ತೆಗೆದ್ಬಿಡು. ಅಡ್ಮಿನ್ ಅಲ್ವಾ ನೀನು? ಅವ್ಳಿಗೆ ಗೊತ್ತಾಗಲ್ಲ.”

“ಯಾಕೆ?”

“ನಮ್ಮ ಮನೇವ್ರೆಲ್ಲ ಓದ್ತಾರೆ. ಮರ್ಫಿ ಟೌನ್ ಹೇಮಶ್ರೀ ಅಂತ ಯಾರೋ ಅಪ್ಪನ ಕಿವಿಗೆ ಹಾಕಿದ್ರು. ಅಂಥ ಹುಡುಗೀನೇ ಇಲ್ಲ ಅಂದ್ಬಿಟ್ಟಿದೀನಿ.”

ಎದುರಿಗೆ ಕೂತವಳನ್ನೇ ಇಲ್ಲ ಅನ್ನುತ್ತಿದ್ದ, ಪಫ್ ತಿನ್ನುತ್ತ.

“ನನ್ನ ಪ್ರೀತಿಸಿದ್ಯಾ ಇಲ್ವಾ? ಅದನ್ನ ಹೇಳು ಮೊದ್ಲು.”

“ಪ್ರೀತಿ ಇಲ್ದೇನೇ ಅವ್ಳನ್ನ ನಿನ್ನ ಹತ್ರ ಕಳಿಸ್ತಿದ್ನಾ? ನಿನಗಿಂತ ಚೆನ್ನಾಗಿ ಯಾರು ಹೇಳ್ಕೊಡ್ತಾರೆ?” ಎಡಗಣ್ಣು ಮೊದಲು ಕಿರಿದಾಯಿತು. ಅಷ್ಟಾದ ಮೇಲೂ ಆ ಕಣ್ಣು ನನಗೆ ಚೆಂದವಾಗಿಯೇ ಕಂಡಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಭಾನುವಾರ ಇಬ್ಬರೂ ಜೊತೆಯಾಗಿ ಬಂದರು. ನಾನು ಡ್ರಾಫ್ಟ್ ತೆರೆದೆ. ಕೊನೆಯ ಸಾಲು ಹಾಗೆಯೇ ಇತ್ತು. ನಿತೀಶನ ಮುಖ ಬಿಳಿಚಿಕೊಂಡಿತು.

“ಭವ್ಯ, ಈ ಸಾಲು ತೆಗೀಬೇಕಂತೆ,” ಎಂದೆ. “ಯಾಕೆ ಅಂತ ಇವ್ರನ್ನೇ ಕೇಳಿ.”

“ಯಾಕೆ ರೀ? ಅಕ್ಕನ ಹೆಸ್ರು ಇದ್ರೆ ಏನು?”

“ಬೇಡ ಅಂದ್ನಲ್ಲ. ಬೇಡ.”

ಅವಳು ಅವನನ್ನು ನೋಡಿದಳು. ಆಮೇಲೆ ನನ್ನನ್ನು, ನನ್ನ ಮುಖವನ್ನು, ಅವನ ಮೇಲೇ ನೆಟ್ಟಿದ್ದ ನನ್ನ ಕಣ್ಣನ್ನು. ಚುರುಕಾದ ಹುಡುಗಿ ಎಂದೆನಲ್ಲ. ಬಳೆ ತಿರುಗಿಸುವುದು ನಿಂತಿತು. ಅವಳ ಕಣ್ಣು ತುಂಬಿತು, ಮರುಕ್ಷಣವೇ ಆರಿತು. ಮದುವೆ ಮುರಿಯುವ ಆಟಕ್ಕೆ ಅವಳು ಸಿದ್ಧಳಿರಲಿಲ್ಲ.

“ಅಳಿಸೋದು ಹೇಗೆ?” ಎಂದಳು. “ಅದನ್ನೂ ಹೇಳ್ಕೊಡಿ, ಮೇಡಂ.”

ಅಕ್ಕ ಎನ್ನಲಿಲ್ಲ.

ಹೇಳಿಕೊಟ್ಟೆ. ಸಾಲಿನ ತುದಿಗೆ ಕರ್ಸರ್ ಇಡಿ, ಬ್ಯಾಕ್‌ಸ್ಪೇಸ್ ಒತ್ತಿ. ಅವಳು ಒಂದೊಂದೇ ಅಕ್ಷರ ಅಳಿಸಿದಳು. ಥ್ಯಾಂಕ್ಸ್ ಹೋಯಿತು, ಪ್ರೀತಿ ಹೋಯಿತು, ನಾನು ಹೋದೆ, ನಮ್ಮ ಮರ್ಫಿ ಟೌನೂ ಹೋಯಿತು.

“ಈಗ ಪಬ್ಲಿಷ್ ಒತ್ತಿ.”

ಒತ್ತಿದಳು. ನಿತೀಶ್ ನಿರಾಳವಾಗಿ ಉಸಿರು ಬಿಟ್ಟು, “ಥ್ಯಾಂಕ್ಸ್ ಹೇಮ,” ಎಂದು ಪಿಸುಗುಟ್ಟಿದ.

“ಇನ್ನೂ ಮುಗ್ದಿಲ್ಲ,” ಎಂದೆ. “ಮೊದ್ಲ ಕಮೆಂಟ್ ನಂದು.”

ಪಕ್ಕದ ಕಂಪ್ಯೂಟರಿಗೆ ಸರಿದು ಟೈಪ್ ಮಾಡಿದೆ: ‘ಸ್ವಾಗತ, ಭವ್ಯ. ನಿಮಗೆ ಕಲಿಸಿದವಳು ನಾನು. ನಿತೀಶ್‌ಗೂ ನಾನೇ ಕಲಿಸಿದ್ದು. ಅವರನ್ನು ತುಂಬ ಪ್ರೀತಿಸಿದ್ದೆ. ಇಬ್ಬರಿಗೂ ಒಳ್ಳೆಯದಾಗಲಿ. — ಹೇಮಶ್ರೀ, ಮರ್ಫಿ ಟೌನ್.’

ಭವ್ಯ ತನ್ನ ಪರದೆಯಲ್ಲಿ ರಿಫ್ರೆಶ್ ಒತ್ತಿ, ಅದು ಮೂಡಿದ್ದನ್ನು ಓದಿದಳು. ಬಾಯಿಗೆ ಸೆರಗು ಒತ್ತಿಕೊಂಡು ಮೆಟ್ಟಿಲಿಳಿದು ಹೋದಳು. ಅವಳಿಗೆ ಇದು ಬೇಕಿರಲಿಲ್ಲ, ನನಗೆ ಗೊತ್ತು.

“ಅಳಿಸು, ಹೇಮ. ಕಾಲಿಗೆ ಬೀಳ್ತೀನಿ. ಅಪ್ಪ ಓದ್ತಾರೆ.”

“ಓದ್ಲಿ. ಅಂಥ ಹುಡುಗಿ ಇದಾಳೆ ಅಂತ ಗೊತ್ತಾಗ್ಲಿ.”

ಅವನು ಒಂದು ಕ್ಷಣ ನಿಂತ. ಆ ಕ್ಷಣದಲ್ಲೂ ನನ್ನ ಭುಜ ಮುಟ್ಟಿಯಾನೇನೋ ಎಂದು ಕಾದೆ. ಅವನು ಅವಳ ಹಿಂದೆ ಓಡಿದ.

ಬ್ಲಾಗ್ ಬರೆಯಲು ಕಲಿಯಬೇಕೆಂದು ಕೆ.ಆರ್. ಪುರದಿಂದ ಬಸ್ ಹಿಡಿದು ಬಂದಿದ್ದ ಅಂಜನಮೂರ್ತಿಯವರು ಬೆಂಚಿನಲ್ಲಿ ಕಾಯುತ್ತಿದ್ದರು. ಕಣ್ಣೊರೆಸಿಕೊಂಡು ಅವರನ್ನು ಕರೆದು ಆ ಕುರ್ಚಿಯಲ್ಲೇ ಕೂರಿಸಿದೆ.

“ತಪ್ಪಾದ್ರೆ ಅಳಿಸ್ಬಹುದೇನಮ್ಮ?” ಎಂದರು ಅವರು, ಕೀಬೋರ್ಡ್ ಮುಟ್ಟಲು ಹೆದರುತ್ತ.

“ಅಳಿಸ್ಬಹುದು ಸಾರ್,” ಎಂದೆ. “ಕಮೆಂಟ್ ಮಾತ್ರ ಅಡ್ಮಿನ್ ಅಳಿಸ್ಬೇಕು. ಅವ್ರು ಅಳಿಸಲ್ಲ.”